ಬೆಟ್ಟದ ಸೈಕಲಿಗೆ ಎಂತಹ ಟಯರು?

ಬೆಳಗಿನ ನಾಲ್ಕಕ್ಕೆ ಹೋಟೇಲಿನ ಒಲೆ ಹೊತ್ತಿಸಬೇಕಾದವನಿಗೂ, ನಡುರಾತ್ರಿ ಗಲ್ಲಾ ಮುಚ್ಚಿ ಕೋಣೆಗೆ ಮರಳಬೇಕಾದವನಿಗೂ ದಿನಂಪ್ರತಿ ರಿಕ್ಷಾದ ಬಾಡಿಗೆ ಕಟ್ಟಿಬರುವ ಮಾತಲ್ಲ. ಆದುದರಿಂದ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನಮ್ಮವರು ಹಲವರು ಸೈಕಲನ್ನೇ ನೆಚ್ಚಿಕೊಂಡಿದ್ದಾರೆ. ಗುಮಾಸ್ತ ಬಂಧುಗಳೂ ಸ್ಟೇಷನ್ನಿನವರೆಗೆ, ರವಿವಾರದಂದು ಯೇವೂರು ಗುಡ್ಡದವರೆಗೆ, ಅದನ್ನು ತುಳಿಯುವುದುಂಟು. ಇಂದು ಅಂಗಡಿಯ ಮುಂದೆ ಸಾಲಾಗಿ ನಿಂತಿರುವುದು ಬಹುತೇಕ ‘ಮೌಂಟನ್ ಬೈಕ್’ ಎಂಬ ಹೆಸರಿನ ಗಾಡಿ. ಅದರ ಟಯರು ಸವೆದಾಗ ಅಂಗಡಿಯಾತನು, ಹಲ್ಲು ದೊಡ್ಡದಾದಷ್ಟೂ ಹಿಡಿತ ಹೆಚ್ಚೆಂದು ಹೇಳಿ ಇನ್ನಷ್ಟು ಒರಟು ಟಯರನ್ನೇ ತೋರಿಸುತ್ತಾನೆ. ಡಾಮರು ರಸ್ತೆಯ ಮಟ್ಟಿಗೆ ಈ ಮಾತು ನಿಜವಲ್ಲ.

ಈ ಜಾತಿಯ ಸೈಕಲು ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. 1970ರ ದಶಕದಲ್ಲಿ ಅಲ್ಲಿಯ ಟಮಾಲ್ಪಾಯಸ್ ಬೆಟ್ಟದ ಮಣ್ಣುದಾರಿಗಳಲ್ಲಿ ಕೆಲವು ತರುಣರು ದಪ್ಪ ಟಯರಿನ ಹಳೆಯ ಸೈಕಲುಗಳನ್ನು ಇಳಿಜಾರಿಗೆ ಬಿಟ್ಟು ಪಂದ್ಯ ಹೂಡುತ್ತಿದ್ದರು. ಸಡಿಲ ಮಣ್ಣಿನೊಳಗೆ ಊರಿ ನಿಲ್ಲಲೆಂದೇ ಟಯರಿಗೆ ಹಲ್ಲು ಬೇಕಾಯಿತು. ಯೇವೂರಿನ ಕೆಂಪುಮಣ್ಣು, ಮಲಂಗಗಡದ ತಪ್ಪಲಿನ ಕಾಲುದಾರಿ, ಖಾರ್ಘರದ ಗುಡ್ಡ, ಇಂತಹ ಕಡೆ ಹಲ್ಲಿಗೆ ಕೆಲಸವುಂಟು. ಘೋಡಬಂದರ್ ರಸ್ತೆಯಲ್ಲಾಗಲಿ, ಕಲ್ಯಾಣ-ಶೀಳ ರಸ್ತೆಯಲ್ಲಾಗಲಿ ಅದು ಊರುವುದಾದರೂ ಎಲ್ಲಿಗೆ? ಗಟ್ಟಿ ನೆಲದ ಮೇಲೆ ಹಿಡಿತವನ್ನು ಕೊಡುವುದು ರಬ್ಬರು ನೆಲಕ್ಕೆ ಎಷ್ಟು ಅಂಟಿಕೊಂಡಿದೆ ಎಂಬುದು. ಹಲ್ಲಿನ ಟಯರಿನಲ್ಲಿ ನೆಲಕ್ಕೆ ತಾಗುವುದು ಹಲ್ಲಿನ ತುದಿ ಮಾತ್ರ. ತಿರುವಿನಲ್ಲಿ ಅದೂ ಬಾಗಿ ನುಲಿಯುತ್ತದೆ.

ಮಳೆಗಾಲದಲ್ಲಿ ನೀರನ್ನು ಸೀಳಲು ಹಲ್ಲು ಬೇಡವೇ ಎಂದು ಕೇಳುವವರಿದ್ದಾರೆ. ಅದು ಮೋಟಾರಿನ ಮಾತು. ಅಗಲವಾದ ಚಕ್ರ ವೇಗದಲ್ಲಿ ನೀರಿನ ಮೇಲೆ ತೇಲುವುದುಂಟು. ಸೈಕಲಿನ ಕಿರಿದಾದ ದುಂಡು ಟಯರು ನಮ್ಮ ವೇಗದಲ್ಲಿ ನೀರನ್ನು ತಾನೇ ಬದಿಗೆ ತಳ್ಳಿ ನೆಲವನ್ನು ಮುಟ್ಟುತ್ತದೆ. ಒದ್ದೆಯಾದ ಗಟಾರದ ಕಬ್ಬಿಣದ ಮುಚ್ಚಳ, ರಸ್ತೆಗೆ ಬಳಿದ ಬಿಳಿ ಪಟ್ಟೆ, ಪಾಚಿಗಟ್ಟಿದ ಪೇವರ್ ಕಲ್ಲು, ಇವುಗಳ ಮೇಲೆ ಯಾವ ಟಯರನ್ನೂ ನಂಬತಕ್ಕದ್ದಲ್ಲ. ಅಲ್ಲಿ ಹ್ಯಾಂಡಲನ್ನು ತಿರುಗಿಸದೆ, ಬ್ರೇಕು ಹಾಕದೆ ನೆಟ್ಟಗೆ ದಾಟಬೇಕು. ದೋಸೆ ಹುಯ್ಯುವವನ ಮಣಿಕಟ್ಟು ಮುರಿದರೆ ತಿಂಗಳ ಸಂಬಳವೂ ಮುರಿದಂತೆಯೇ.

ಇನ್ನು ಓಟದ ವಿಚಾರ. ಟಯರು ಉರುಳುವಾಗ ನೆಲಕ್ಕೆ ತಾಗಿದ ಭಾಗ ಅಮುಕಿ ಮತ್ತೆ ಉಬ್ಬುತ್ತದೆ. ಅಮುಕಲು ಕೊಟ್ಟ ಶಕ್ತಿಯೆಲ್ಲವೂ ಹಿಂದಿರುಗುವುದಿಲ್ಲ; ಒಂದು ಪಾಲು ಶಾಖವಾಗಿ ಹೋಗುತ್ತದೆ. ದಪ್ಪ ಹಲ್ಲಾದರೆ ಈ ನಷ್ಟ ಹೆಚ್ಚು. ಡಾಮರಿನ ಮೇಲೆ ‘ಗುಂಯ್’ ಎಂಬ ಸದ್ದು ಕೇಳಿಸುತ್ತದಲ್ಲ, ಅದು ನಮ್ಮ ತೊಡೆಯ ಶ್ರಮವೇ ಸದ್ದಾಗಿ ಹೋಗುತ್ತಿರುವುದು. ಪೇಟೆಗೂ ಮಣ್ಣಿಗೂ ಒಂದೇ ಗಾಡಿಯಿರುವವರು ನಡುವೆ ನುಣುಪಾದ ಪಟ್ಟಿ ಅಥವಾ ಒತ್ತಾದ ಗಿಡ್ಡ ಹಲ್ಲು, ಎರಡು ಅಂಚಿನಲ್ಲಿ ಮಾತ್ರ ದೊಡ್ಡ ಹಲ್ಲು ಇರುವ ಟಯರನ್ನು ಆರಿಸುವುದು ಒಳ್ಳೆಯದು. ನೆಟ್ಟಗೆ ಹೋಗುವಾಗ ಹಗುರವಾಗಿ ಉರುಳುತ್ತದೆ. ಮಣ್ಣಿನ ತಿರುವಿನಲ್ಲಿ ವಾಲಿದಾಗ ಅಂಚು ಹಿಡಿಯುತ್ತದೆ. ಎರಡೂ ಟಯರು ಒಂದೇ ಬಗೆಯದಿರಬೇಕೆಂಬ ಕಟ್ಟಳೆಯೂ ಇಲ್ಲ. ಮುಂದಿನ ಚಕ್ರ ಜಾರಿದರೆ ಸವಾರ ಬೀಳುವುದು ಬಹುಮಟ್ಟಿಗೆ ಖಂಡಿತ. ಹಿಂದಿನದು ಜಾರಿದರೆ ಸಾವರಿಸಿಕೊಳ್ಳಲು ಅವಕಾಶವುಂಟು. ಆದುದರಿಂದ ಹೆಚ್ಚು ಹಿಡಿತದ್ದು ಮುಂದಕ್ಕೆ, ಹಗುರವಾಗಿ ಓಡುವುದು ಹಿಂದಕ್ಕೆ. ಹಣ ಒಂದಕ್ಕೇ ಇದ್ದರೆ ಹೊಸದು ಮುಂದಿನ ಚಕ್ರಕ್ಕೆ ಸಲ್ಲಲಿ.

ಆದರೆ ಕಾಸಿಲ್ಲದೆ ದೊರೆಯುವ ಸುಧಾರಣೆಯೆಂದರೆ ಗಾಳಿ. ಟಯರಿನ ಬದಿಯಲ್ಲಿ ಕನಿಷ್ಠ ಹಾಗೂ ಗರಿಷ್ಠ ಒತ್ತಡದ ಅಂಕೆಗಳು ಅಚ್ಚಾಗಿರುತ್ತವೆ. ಕಲ್ಲಿನಂತೆ ಗಟ್ಟಿಯಾಗುವವರೆಗೆ ತುಂಬಿಸುವುದು ನಮ್ಮವರ ರೂಢಿ. ನುಣುಪು ರಸ್ತೆಯಲ್ಲಿ ಅದು ತಕ್ಕಮಟ್ಟಿಗೆ ಸರಿ. ಗುಂಡಿ ಬಿದ್ದ ರಸ್ತೆಯಲ್ಲಿ ಗಟ್ಟಿ ಚಕ್ರ ಪುಟಿದೇಳುತ್ತದೆ, ಪುಟಿದಾಗ ಹಿಡಿತವೂ ಇಲ್ಲ, ಓಟವೂ ಇಲ್ಲ. ಸುಮಾರು ಅರವತ್ತೈದು ಕಿಲೋ ತೂಕದವನು ಎರಡು ಅಂಗುಲದ ಟಯರಿಗೆ ರಸ್ತೆಯಲ್ಲಿ ಹಿಂದೆ 40-45, ಮುಂದೆ ಅದಕ್ಕಿಂತ ನಾಲ್ಕೈದು ಪೌಂಡು ಕಡಿಮೆ ಇಟ್ಟು ನೋಡಬಹುದು. ಮಣ್ಣುದಾರಿಯಲ್ಲಿ ಮೂವತ್ತರ ಸುಮಾರಿಗೆ ಇಳಿಸಿದರೆ ಹಿಡಿತ ಹೆಚ್ಚುತ್ತದೆ. ಇನ್ನೂ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ಅಚ್ಚಾದ ಮಿತಿಯನ್ನು ಮಾತ್ರ ಮೀರತಕ್ಕದ್ದಲ್ಲ.

ತೂಕದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಂಚಿನಲ್ಲಿ ತಂತಿಯ ಬದಲು ನಾರು ಸೇರಿಸಿದ, ಮಡಿಸಬಹುದಾದ ಟಯರು ಹಗುರ, ಬೆಲೆಯೂ ಅಧಿಕ. ಯೇವೂರಿನ ಏರಿನಲ್ಲಿಯೂ, ಸಿಗ್ನಲಿನಿಂದ ಹೊರಡುವಾಗಲೂ ಅದರ ಸುಖ ಸ್ವಲ್ಪ ತಿಳಿಯುತ್ತದೆ. ಬೆನ್ನ ಮೇಲಿನ ಊಟದ ಡಬ್ಬಿಯೇ ಅದಕ್ಕಿಂತ ಭಾರವಿರುವಾಗ ನಮಗೇಕೆ ಆ ಖರ್ಚು? ಅತಿ ಹಗುರವಾದವುಗಳ ಬದಿಗೋಡೆ ತೆಳು. ಚೂಪುಗಲ್ಲಿಗೆ ಬೇಗ ಹರಿಯುತ್ತದೆ. ನಮ್ಮ ಹುಡುಗರು ಮೆಚ್ಚುವ ನಾಲ್ಕು ಅಂಗುಲದ ಆನೆಕಾಲಿನ ಟಯರು ಇದಕ್ಕೆ ತದ್ವಿರುದ್ಧ. ಮರಳಿಗೂ ಹಿಮಕ್ಕೂ ಹೇಳಿ ಮಾಡಿಸಿದ್ದು. ಒಂದೊಂದೂ ಒಂದು ಕಿಲೋಗ್ರಾಮಿಗೆ ಮೀರಿದ ತೂಕ; ಪಾಮ್ ಬೀಚ್ ರಸ್ತೆಯಲ್ಲಿ ಅದನ್ನು ತುಳಿಯುವುದು ವ್ಯಾಯಾಮಕ್ಕೆ ಸರಿ, ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗಲು ಅಲ್ಲ.

ಕೊಳ್ಳುವಾಗ ಅಂಕೆಯನ್ನು ನೋಡಿಕೊಳ್ಳಬೇಕು. ಲೆಕ್ಕದ ಮೇಜಿನಲ್ಲಿ ಕುಳಿತವರೂ ಬೆರಗಾಗುವ ಸಂಗತಿಯಿದು: 26×1⅜ ಮತ್ತು 26×1.95, ಎರಡರಲ್ಲಿಯೂ ಇಪ್ಪತ್ತಾರೇ ಇದ್ದರೂ ಒಂದು ಇನ್ನೊಂದರ ರಿಮ್ಮಿಗೆ ಕೂರುವುದಿಲ್ಲ. ಮೊದಲನೆಯದರ ರಿಮ್ಮಿನ ವ್ಯಾಸ 590 ಮಿಲಿಮೀಟರು, ಎರಡನೆಯದರದು 559. ಬೆಟ್ಟದ ಸೈಕಲಿನ 27.5ಕ್ಕೆ 584, 29ಕ್ಕೆ 622. ಟಯರಿನ ಬದಿಯಲ್ಲಿ 50-559 ಎಂಬಂತೆ ಚಿಕ್ಕದಾಗಿ ಅಚ್ಚಾಗಿರುವ ಜೋಡಿ ಅಂಕೆಯಲ್ಲಿ ಮೊದಲನೆಯದು ಅಗಲ, ಎರಡನೆಯದು ಈ ವ್ಯಾಸ. ಹಳೆಯ ಟಯರಿನಿಂದ ಅದನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿರಿ. ಕೂರಿಸುವಾಗ ಬದಿಯಲ್ಲಿರುವ ಬಾಣದ ಗುರುತು ಚಕ್ರ ಮುಂದಕ್ಕೆ ತಿರುಗುವ ದಿಕ್ಕಿಗೇ ಇದೆಯೇ ಎಂದು ಎದುರಿಗೆ ನಿಂತು ನೋಡಿರಿ.