ಪೆಂಡಾಲ್‌ನಲ್ಲಿ ರಸಮಂಜರಿ, ರಾಜ್ಯೋತ್ಸವಕ್ಕೆ ಸಮೂಹಗಾಯನ: ಊರಿನ ಗಾಯಕಿಯ ಕೆಲಸ ಹೇಗಿರುತ್ತೆ?

ಗಣೇಶೋತ್ಸವದ ಪೆಂಡಾಲ್‌ನಲ್ಲಿ ಸಿನಿಮಾ ಹಾಡು ಹೇಳಿ ಶಿಳ್ಳೆ ಗಿಟ್ಟಿಸುವ ಗಾಯಕಿಯೇ ನವೆಂಬರ್ 1ರಂದು ಹತ್ತು ಜನರ ಸಾಲಲ್ಲಿ ನಿಂತು ನಾಡಗೀತೆ ಹಾಡುತ್ತಿರುತ್ತಾರೆ. ಕೇಳೋರಿಗೆ ಎರಡೂ ಹಾಡೇ. ಹಾಡೋರಿಗೆ ಮಾತ್ರ ಇವು ಬೇರೆ ಬೇರೆ ಕೆಲಸ.

ರಸಮಂಜರಿಯಲ್ಲಿ ಏನಿರುತ್ತೆ?

ಇಲ್ಲಿ ಜನರನ್ನು ಹಿಡಿದು ಕೂರಿಸೋದು ಗಾಯಕಿಯ ಜವಾಬ್ದಾರಿ. ಗಣಪತಿ ಸ್ತುತಿಯಿಂದ ಶುರು, ಆಮೇಲೆ ಹಳೇ ಸಿನಿಮಾ ಹಾಡು, ಕೊನೆಗೆ ಹುಡುಗರು ಕುಣಿಯೋ ಹಾಡು. ಮಧ್ಯೆ ಚೀಟಿಯಲ್ಲಿ ಬರೆದು ಕಳಿಸಿದ ಹಾಡನ್ನೂ ಹೇಳಬೇಕು.

ಬಜೆಟ್ ಇದ್ದರೆ ಕೀಬೋರ್ಡ್, ತಬಲಾ, ರಿದಮ್ ಪ್ಯಾಡ್ ಬರುತ್ತವೆ. ಇಲ್ಲದಿದ್ದರೆ ಟ್ರ್ಯಾಕ್. ವಾದ್ಯದವರಿದ್ದರೆ ಗಾಯಕಿ ಸಾಲು ಮರೆತಾಗ ಇನ್ನೊಂದು ಸುತ್ತು ನುಡಿಸಿ ಕಾಪಾಡ್ತಾರೆ. ಟ್ರ್ಯಾಕ್ ಯಾರಿಗೂ ಕಾಯಲ್ಲ.

ಸಮೂಹಗಾಯನದಲ್ಲಿ?

ಇಲ್ಲಿ ಒಬ್ಬರ ದನಿ ಎದ್ದು ಕೇಳಿಸಿದರೆ ಅದೇ ತಪ್ಪು. ಗಂಡಸರ ಶ್ರುತಿ, ಹೆಂಗಸರ ಶ್ರುತಿ ಬೇರೆ ಇರುವುದರಿಂದ ಎಲ್ಲರಿಗೂ ಎಟುಕುವ ಶ್ರುತಿ ಆರಿಸಬೇಕು. ಉಸಿರು ಎಲ್ಲಿ ತಗೊಳ್ಳೋದು, ಪದ ಎಲ್ಲಿ ನಿಲ್ಲಿಸೋದು ಅನ್ನೋದೂ ಮೊದಲೇ ತೀರ್ಮಾನ ಆಗಬೇಕು.

ಕುವೆಂಪು ಬರೆದ ನಾಡಗೀತೆಗೆ ಮೈಸೂರು ಅನಂತಸ್ವಾಮಿ ಅವರ ಧಾಟಿ, 2 ನಿಮಿಷ 30 ಸೆಕೆಂಡ್ ಎಂದು ರಾಜ್ಯ ಸರ್ಕಾರ 2022ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿದೆ. ತಾಲೀಮು ಇಲ್ಲದೆ ಅಷ್ಟರೊಳಗೆ ಮುಗಿಸೋದು ಕಷ್ಟ. ಅದೇ ವರ್ಷ ಅಕ್ಟೋಬರ್ 28ರಂದು ರಾಜ್ಯದಾದ್ಯಂತ ನಡೆದ ಕೋಟಿ ಕಂಠ ಗಾಯನದಲ್ಲಿ ನಾಡಗೀತೆ ಸೇರಿ 6 ಹಾಡು ಹಾಡಿಸಲಾಗಿತ್ತು.

ಭಾಷಣ ಮುಗಿಯೋದ್ರೊಳಗೆ 10 ಗಂಟೆ

ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ಬಯಲಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಸರ್ಕಾರ 12ರವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತಲಿನ ಕನಿಷ್ಠ 100 ಮೀಟರ್ ಪ್ರದೇಶವನ್ನು ಸರ್ಕಾರ ನಿಶ್ಶಬ್ದ ವಲಯ ಎಂದು ಘೋಷಿಸಬಹುದು. ಹಗಲಲ್ಲೂ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು.

ಏಳಕ್ಕೆ ಶುರುವಾಗಬೇಕಾದ ಕಾರ್ಯಕ್ರಮ ಎಂಟಕ್ಕೆ ಶುರುವಾಗಿ, ಸ್ವಾಗತ, ಸನ್ಮಾನ, ಭಾಷಣ ಮುಗಿಯೋ ಹೊತ್ತಿಗೆ ಒಂಬತ್ತೂವರೆ ಆದರೆ ಗಾಯಕಿಗೆ ಉಳಿಯೋದು ಅರ್ಧ ಗಂಟೆ. ಜನ ಬಂದಿದ್ದು ಹಾಡಿಗೆ, ಅಂಗಡಿಯವರು ಚಂದಾ ಕೊಟ್ಟಿದ್ದೂ ಅದಕ್ಕೇ. ಕಾರ್ಯಕ್ರಮಕ್ಕಿಷ್ಟು ಅಂತ ದುಡಿಯುವ ಗಾಯಕಿಗೆ 'ನಾಲ್ಕೇ ಹಾಡು ಹೇಳಿದ್ದು' ಎಂದು ಸಂಭಾವನೆ ಮುರಿದರೆ, ಬೇರೆಯವರು ತಿಂದ ಸಮಯಕ್ಕೆ ಅವರು ದಂಡ ಕಟ್ಟಿದಂತೆ. ಆಷಾಢದಲ್ಲಿ ಕಾರ್ಯಕ್ರಮಗಳೇ ಕಮ್ಮಿ. ಹಬ್ಬದ ದುಡಿಮೆ ಆ ತಿಂಗಳಿಗೂ ಆಗಬೇಕು.

ಸಮಿತಿಯವರು ಏನು ಮಾಡಬಹುದು?

- ಸನ್ಮಾನ, ಭಾಷಣಗಳನ್ನು ಹಾಡಿನ ಮಧ್ಯೆ ಸ್ವಲ್ಪ ಸ್ವಲ್ಪ ಹಂಚಿ.
- ಸಂಭಾವನೆ, ಹಾಡುವ ಸಮಯ, ರಾತ್ರಿ ವಾಪಸ್ ಹೋಗೋ ವಾಹನದ ವ್ಯವಸ್ಥೆಯನ್ನು ಮುಂಚೆಯೇ ಬರೆದಿಟ್ಟುಕೊಳ್ಳಿ.
- ವೇದಿಕೆ ಮೇಲೆ ಗಾಯಕಿಯ ಕಡೆಗೆ ತಿರುಗಿಸಿದ ಒಂದು ಸ್ಪೀಕರ್ ಇಡಿಸಿ. ತಮ್ಮ ದನಿ ತಮಗೆ ಕೇಳಿಸದಿದ್ದರೆ ಹಾಡೋರು ಕಿರುಚಬೇಕಾಗುತ್ತೆ, ಗಂಟಲು ಹಾಳಾಗುತ್ತೆ.
- ಸಮೂಹಗಾಯನಕ್ಕೆ ಕನಿಷ್ಠ ಎರಡು ದಿನ ತಾಲೀಮು ಮಾಡಿಸಿ. ಅದಕ್ಕೂ ಸಂಭಾವನೆ ಕೊಡಿ.