ಟಿಪ್ಪುವಿನ ಷಿಕಾರಿ ಕೋವಿ

ನಮ್ಮ ಸೀಮೆಯ ಹಳೆಯ ಕೋವಿಯೊಂದರ ಸಮಾಚಾರ 2023ನೆಯ ಇಸವಿಯ ಪತ್ರಿಕೆಗಳಲ್ಲಿ ಬಂದಿತ್ತು. ಟಿಪ್ಪು ಸುಲ್ತಾನನಿಗಾಗಿ ಮಾಡಿದ ಈ ಕೋವಿ ಆಗ ಇಂಗ್ಲೆಂಡಿನಲ್ಲಿತ್ತು. ಅದು ಹೊರದೇಶಕ್ಕೆ ಹೋಗದಂತೆ ಬ್ರಿಟಿಷ್ ಸರ್ಕಾರವು ಕೆಲವು ತಿಂಗಳ ಮಟ್ಟಿಗೆ ತಡೆ ಹಾಕಿತು. ಅಲ್ಲಿಯವರೇ ಯಾರಾದರೂ ಕೊಳ್ಳಲಿ ಎಂಬುದು ಉದ್ದೇಶ. ಕಟ್ಟಿದ ಬೆಲೆ 20 ಲಕ್ಷ ಪೌಂಡು! ಒಂದು ಕೋವಿಗೆ ಇಷ್ಟು ಬೆಲೆ ಏಕೆಂದು ಯಾರಾದರೂ ಕೇಳಿಯಾರು. ನಾವು ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತೇವೆ.

ಇದು ಯುದ್ಧದ ಕೋವಿಯಲ್ಲ, ಬೇಟೆಯದು. ಉದ್ದ 138 ಸೆಂಟಿಮೀಟರು, ಅಂದರೆ ಸುಮಾರು ನಾಲ್ಕೂವರೆ ಅಡಿ. ಮರಕ್ಕೆ ಬೆಳ್ಳಿಯನ್ನೂ ಉಕ್ಕಿಗೆ ಚಿನ್ನ ಬೆಳ್ಳಿಗಳನ್ನೂ ಕೂರಿಸಿದ್ದಾರೆ. ಅಳತೆ '14 ಬೋರ್'. ನಳಿಗೆಗೆ ಸರಿಹೊಂದುವ ಸೀಸದ ಗುಂಡುಗಳು ಹದಿನಾಲ್ಕು ಸೇರಿ ಒಂದು ಪೌಂಡು ತೂಗುತ್ತವೆ ಎಂದು ಅದರ ಅರ್ಥ. ಈ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದು.

ಆ ಕಾಲದಲ್ಲಿ ಈಗಿನಂತೆ ತೋಟಾ ಇರಲಿಲ್ಲ. ಮದ್ದನ್ನೂ ಗುಂಡನ್ನೂ ನಳಿಗೆಯ ಬಾಯಿಂದ ತುಂಬಿ ಗಜದಿಂದ ಜಡಿಯಬೇಕು. ಕುದುರೆಗೆ ಸಿಕ್ಕಿಸಿದ ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿಸಿದರೆ, ಹೊರಬಟ್ಟಲಿನ ಮದ್ದು ಹೊತ್ತಿ, ಸಣ್ಣ ರಂಧ್ರದ ಮೂಲಕ ಬೆಂಕಿ ಒಳಹೊಕ್ಕು ಗುಂಡು ಹಾರುತ್ತದೆ. ಒಂದು ಏಟು ತಪ್ಪಿತೆಂದರೆ ಮತ್ತೆ ತುಂಬುವಷ್ಟರಲ್ಲಿ ಬೇಟೆ ಕಣ್ಮರೆ. ಈ ಕೋವಿಯಲ್ಲಾದರೋ ಮತ್ತೆ ತುಂಬದೆಯೇ ಒಂದೇ ನಳಿಗೆಯಿಂದ ಎರಡು ಸಲ ಹೊಡೆಯಬಹುದು. ಅಂದಿಗೆ ಅದು ಬಹಳ ಅಪರೂಪದ ಯುಕ್ತಿ.

ಇದು ತಯಾರಾದದ್ದು 1793–94ರಲ್ಲಿ. ಆ ದಿನಗಳು ಎಂಥವು? 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಟಿಪ್ಪು ಅರ್ಧ ರಾಜ್ಯವನ್ನು ಕಳೆದುಕೊಂಡಿದ್ದ. 3 ಕೋಟಿ 30 ಲಕ್ಷ ರೂಪಾಯಿ ದಂಡ ಬೇರೆ. ಇಬ್ಬರು ಎಳೆಯ ಮಕ್ಕಳು ಒತ್ತೆಯಾಗಿ ಇದೇ ಮದರಾಸಿಗೆ ಬಂದಿದ್ದರು; ಅವರು ಹಿಂತಿರುಗಿದ್ದು 1794ರಲ್ಲಿ. ಅಂಥ ಸಂಕಟದಲ್ಲಿಯೂ ಅವನ ಕಾರ್ಖಾನೆಗಳ ಕುಲುಮೆ ಆರಿರಲಿಲ್ಲ. ಮುಂದೆ ಈ ಕೋವಿ, ಅವನನ್ನು ಸೋಲಿಸಿದ ಕಾರ್ನ್‌ವಾಲಿಸನಿಗೇ ಕಾಣಿಕೆಯಾಗಿ ಸಂದಿತೆಂದು ನಂಬಿಕೆ.

ದೊರೆಯ ಹೆಸರಿನಿಂದ ಬೆಲೆ ಬಂದಿತು, ನಿಜ. ಆದರೆ ಕೋವಿಯಲ್ಲಿ ಅದನ್ನು ಮಾಡಿದವನ ರುಜುವೂ ಇದೆ: ಅಸದ್ ಖಾನ್ ಮುಹಮ್ಮದ್. ಅರಮನೆ ಕಟ್ಟಿದವರು, ನೇಯ್ದವರು, ಎರಕ ಹೊಯ್ದವರು ಎಷ್ಟೋ ಮಂದಿ ಹೆಸರಿಲ್ಲದೆ ಹೋದರು. ಈ ಒಬ್ಬ ಕುಶಲಕರ್ಮಿಯ ಹೆಸರು ಇನ್ನೂರು ವರ್ಷ ದಾಟಿ ಉಳಿದಿದೆ. ದುಡಿದು ಉಣ್ಣುವ ನಮ್ಮಂಥವರು ಈ ಹೆಸರನ್ನು ನೆನಪಿನಲ್ಲಿಡಬೇಕು.

ಕೋವಿ ನಮ್ಮ ಕಣ್ಣಿಗೆ ದೂರ. ಆದರೆ ಎಗ್ಮೋರಿನಿಂದ ರೈಲು ಹತ್ತಿ, ಪಾರ್ಕ್ ದಾಟಿ, ಫೋರ್ಟ್ ನಿಲ್ದಾಣದಲ್ಲಿ ಇಳಿದರೆ ಸೇಂಟ್ ಜಾರ್ಜ್ ಕೋಟೆ ಹತ್ತಿರ. ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಕಾರ್ನ್‌ವಾಲಿಸನ ದೊಡ್ಡ ಅಮೃತಶಿಲೆಯ ಪ್ರತಿಮೆಯಿದೆ. ನೋಡಲು ಹೋದವರು ತಲೆಯೆತ್ತಿ ಮುಖವನ್ನಷ್ಟೇ ನೋಡಿ ಬರಬೇಡಿ. ಬಗ್ಗಿ ಪೀಠವನ್ನೂ ನೋಡಿ. ಟಿಪ್ಪುವಿನ ಮಕ್ಕಳನ್ನು ಒತ್ತೆಯಾಗಿ ಒಪ್ಪಿಸುವ ದೃಶ್ಯವನ್ನು ಅಲ್ಲಿ ಕೆತ್ತಿದ್ದಾರೆ.