ಕಾಡಿನ ಚಿತ್ರಗಳ ವಿಂಗಡಣೆ: ಯಂತ್ರದ ವೇಗ, ಮನುಷ್ಯನ ತಪಾಸಣೆ

ದೊಡ್ಡ ರಾಶಿಯಿಂದ ಬೇಕಾದುದನ್ನು ಬೇರ್ಪಡಿಸುವುದು ವ್ಯಾಪಾರೋದ್ಯಮದಲ್ಲಿ ನಿತ್ಯದ ಕೆಲಸ. ನಿಂಬೆಹಣ್ಣನ್ನು ಗಾತ್ರ, ಬಣ್ಣಗಳಿಗನುಸಾರ ವಿಂಗಡಿಸುವ ಇಂಡಿಯ ವರ್ತಕರಿಗೂ, ತೊಗರಿಬೇಳೆಯನ್ನು ಸಾರ್ಟೆಕ್ಸ್ ಯಂತ್ರದಲ್ಲಿ ಹಾಯಿಸುವ ದಾಲ್ ಮಿಲ್ ಮಾಲೀಕರಿಗೂ ಅದಕ್ಕೆ ತಗಲುವ ವೆಚ್ಚವೆಷ್ಟು, ತಪ್ಪಿದರೆ ಆಗುವ ನಷ್ಟವೆಷ್ಟು ಎಂಬುದು ಚೆನ್ನಾಗಿ ತಿಳಿದಿದೆ. ವನ್ಯಜೀವಿಗಳ ಗಣತಿಯಲ್ಲಿ ಇದೇ ಪ್ರಶ್ನೆ ಕೋಟಿಗಳ ಲೆಕ್ಕದಲ್ಲಿ ಎದುರಾಯಿತು. ಅದಕ್ಕೆ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳ ಮೂಲಕ ಕಂಡುಕೊಂಡ ಪರಿಹಾರದಲ್ಲಿ ಸಣ್ಣ ಉದ್ಯಮಿಗಳೂ ಗಮನಿಸಬೇಕಾದ ಅಂಶಗಳಿವೆ.

ನಾಗರಹೊಳೆಯಲ್ಲಿ ಬಿದ್ದ ಬುನಾದಿ

ಮುಂದೆ ಹಾದುಹೋಗುವ ಪ್ರಾಣಿಯ ಮೈಶಾಖ ಮತ್ತು ಚಲನೆಯನ್ನು ಗ್ರಹಿಸಿ ತಾನಾಗಿಯೇ ಚಿತ್ರ ತೆಗೆಯುವ ಸಾಧನವೇ ಕ್ಯಾಮೆರಾ ಟ್ರ್ಯಾಪ್. ಇದರ ನೆರವಿನಿಂದ ಹುಲಿಗಳ ಸಂಖ್ಯೆಯನ್ನು ಅಂದಾಜಿಸುವ ವೈಜ್ಞಾನಿಕ ವಿಧಾನಕ್ಕೆ ಬುನಾದಿ ಬಿದ್ದದ್ದು ಕರ್ನಾಟಕದ ನಾಗರಹೊಳೆಯಲ್ಲಿ. ಡಾ. ಕೆ. ಉಲ್ಲಾಸ ಕಾರಂತರು ಅಲ್ಲಿ ನಡೆಸಿದ ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಮನುಷ್ಯರ ಹೆಬ್ಬೆಟ್ಟಿನ ಗುರುತಿನಂತೆ ಹುಲಿಯ ಪಟ್ಟೆಗಳೂ ಒಂದರಂತೆ ಇನ್ನೊಂದಕ್ಕಿರುವುದಿಲ್ಲ. ಎಡಬಲ ಪಕ್ಕಗಳ ಪಟ್ಟೆಗಳೂ ಬೇರೆಯಾದ್ದರಿಂದ ದಾರಿಯ ಇಕ್ಕೆಲಗಳಲ್ಲಿ ಎದುರುಬದುರಾಗಿ ಎರಡು ಕ್ಯಾಮೆರಾ ಇಡುತ್ತಾರೆ. ಗುರುತಿಸಿದ ಹುಲಿಗಳು ಎಷ್ಟು ಬಾರಿ ಮರಳಿ ಚಿತ್ರದಲ್ಲಿ ಸಿಕ್ಕವು ಎಂಬುದರಿಂದ, ಸಿಗದೆ ಉಳಿದ ಹುಲಿಗಳನ್ನೂ ಅಂದಾಜಿಸಲಾಗುತ್ತದೆ.

ರಾಶಿಯ ಲೆಕ್ಕ

2018ರ ಅಖಿಲ ಭಾರತ ಹುಲಿ ಗಣತಿಯಲ್ಲಿ 26,838 ಸ್ಥಳಗಳಲ್ಲಿ ಕ್ಯಾಮೆರಾ ಇಡಲಾಗಿತ್ತು. ದೊರೆತ ಚಿತ್ರಗಳು 3,48,58,623. ಇವುಗಳಲ್ಲಿ ಹುಲಿಯ ಚಿತ್ರಗಳು 76,651 ಮಾತ್ರ, ಅಂದರೆ ಸಾವಿರಕ್ಕೆ ಎರಡಕ್ಕಿಂತ ತುಸು ಹೆಚ್ಚು. ಅವುಗಳಿಂದ ಮರಿಗಳನ್ನು ಬಿಟ್ಟು 2,461 ಹುಲಿಗಳನ್ನು ಪ್ರತ್ಯೇಕವಾಗಿ ಗುರುತಿಸಲಾಯಿತು. 2022ರ ಗಣತಿಯಲ್ಲಿ ಚಿತ್ರಗಳ ಸಂಖ್ಯೆ 4.70 ಕೋಟಿ ದಾಟಿತು. ಕರ್ನಾಟಕದ ಹುಲಿಗಳ ಅಂದಾಜು 563ಕ್ಕೆ ಏರಿತು.

ಚಿತ್ರವೊಂದಕ್ಕೆ ಐದೇ ಸೆಕೆಂಡು ಎಂದಿಟ್ಟುಕೊಂಡರೂ 2018ರ ರಾಶಿಯನ್ನು ನೋಡಿ ಮುಗಿಸಲು ಸುಮಾರು 48,400 ತಾಸು ಬೇಕು. ದಿನಕ್ಕೆ ಎಂಟು ತಾಸು, ವರ್ಷಕ್ಕೆ 300 ದಿನ ದುಡಿದರೆ ಒಬ್ಬ ನೌಕರನಿಗೆ ಇಪ್ಪತ್ತು ವರ್ಷದ ಕೆಲಸ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಗಣತಿಗೆ ಇದು ಹೊಂದುವ ಲೆಕ್ಕವಲ್ಲ.

ಗಣಕವು ಮಾಡುವ ಕೆಲಸ

ಕೆಲಸವನ್ನು ಮೂರು ಹಂತಗಳಾಗಿ ವಿಭಜಿಸಬಹುದು. ಮೊದಲನೆಯದು ಖಾಲಿ ಚಿತ್ರಗಳನ್ನು ತೆಗೆದುಹಾಕುವುದು. ಗಾಳಿಗೆ ಅಲುಗಾಡುವ ಬಿಸಿಲಿಗೆ ಕಾದ ಹುಲ್ಲೂ ಕ್ಯಾಮೆರಾವನ್ನು ಎಚ್ಚರಿಸುವುದರಿಂದ ಇಂಥವು ಹೇರಳ. ಮೆಗಾಡಿಟೆಕ್ಟರ್ ಎಂಬ ಉಚಿತ ತಂತ್ರಾಂಶವು ಚಿತ್ರದಲ್ಲಿ ಪ್ರಾಣಿ, ಮನುಷ್ಯ ಅಥವಾ ವಾಹನ ಇದೆಯೇ ಎಂಬುದನ್ನು ಮಾತ್ರ ಹೇಳುತ್ತದೆ. ಎರಡನೆಯದು ಪ್ರಾಣಿಯ ಜಾತಿಯನ್ನು ಗುರುತಿಸುವುದು. 2018ರ ಗಣತಿಯಲ್ಲಿ ಇದಕ್ಕೆ ಕ್ಯಾಟ್‌ರ‍್ಯಾಟ್ ತಂತ್ರಾಂಶ ಬಳಕೆಯಾಯಿತು. ಗೂಗಲ್ 2025ರಲ್ಲಿ ಸ್ಪೀಷೀಸ್‌ನೆಟ್ ಎಂಬುದನ್ನು ಮುಕ್ತ ಬಳಕೆಗೆ ನೀಡಿತು. ಮೂರನೆಯದು ಒಂದೊಂದು ಹುಲಿಯನ್ನು ಪ್ರತ್ಯೇಕವಾಗಿ ಗುರುತಿಸುವುದು. ಎಕ್ಸ್‌ಟ್ರ್ಯಾಕ್ಟ್ ಕಂಪೇರ್ ತಂತ್ರಾಂಶವು ಪಟ್ಟೆಗಳನ್ನು ತಾಳೆ ನೋಡುತ್ತದೆ. ವಶಪಡಿಸಿಕೊಂಡ ಹುಲಿಚರ್ಮ ಯಾವ ಕಾಡಿನದೆಂದು ಪತ್ತೆ ಹಚ್ಚಲೂ ಇದೇ ವಿಧಾನ ನೆರವಾಗಬಲ್ಲದೆಂದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಆಫ್ರಿಕಾದ ಸೆರೆಂಗೆಟಿಯ 32 ಲಕ್ಷ ಚಿತ್ರಗಳ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಯಂತ್ರಕ್ಕೆ ಖಚಿತವೆನಿಸಿದ ಚಿತ್ರಗಳನ್ನು ಅದಕ್ಕೆ ಬಿಟ್ಟು, ಅನುಮಾನವಿದ್ದವನ್ನು ಮಾತ್ರ ಮನುಷ್ಯರಿಗೆ ಒಪ್ಪಿಸಿದರೆ, ಶೇ. 99.3ರಷ್ಟು ಚಿತ್ರಗಳು ಸ್ವಯಂಸೇವಕರಷ್ಟೇ ನಿಖರವಾಗಿ, ಅಂದರೆ ಶೇ. 96.6ರಷ್ಟು ಸರಿಯಾಗಿ ವಿಂಗಡಣೆಯಾಗಬಲ್ಲವೆಂದು ಅದರಲ್ಲಿ ಕಂಡುಬಂತು.

ತಪ್ಪಿನ ಬೆಲೆ

ಉಳಿದ ಶೇ. 3.4 ಸಣ್ಣ ಸಂಖ್ಯೆಯೆಂದು ತೋರಬಹುದು. ಆದರೆ ಎಲ್ಲ ತಪ್ಪುಗಳ ಬೆಲೆ ಒಂದೇ ಅಲ್ಲ. ಖಾಲಿ ಚಿತ್ರವನ್ನು ಪ್ರಾಣಿಯ ಚಿತ್ರವೆಂದರೆ ನೋಡುವವನ ಐದು ಸೆಕೆಂಡು ವ್ಯರ್ಥ. ಅಪರೂಪದ ಪ್ರಾಣಿಯಿರುವ ಚಿತ್ರವನ್ನು ಖಾಲಿ ಎಂದು ತಳ್ಳಿದರೆ ಅದನ್ನು ಮತ್ತೆ ಯಾರೂ ನೋಡುವುದಿಲ್ಲ. ಸಾರ್ಟೆಕ್ಸ್ ಯಂತ್ರ ಕಪ್ಪುಕಾಳಿನ ಜೊತೆಗೆ ಒಳ್ಳೆಯ ಬೇಳೆಯನ್ನೂ ಹೊರಹಾಕಬಹುದೆಂದೇ ಬುದ್ಧಿವಂತ ಮಿಲ್ ಮಾಲೀಕರು ಹೊರಬಿದ್ದ ಕಾಳನ್ನು ಮತ್ತೊಮ್ಮೆ ಹಾಯಿಸುತ್ತಾರೆ.

ಇನ್ನೊಂದು ಮುಖ್ಯ ಅಂಶವೆಂದರೆ, ಯಂತ್ರ ತಾನು ಕಲಿತದ್ದನ್ನು ಮಾತ್ರ ಬಲ್ಲದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳು ದಟ್ಟ ಕಾಡಿಲ್ಲದ ಬಯಲು ಸೀಮೆ. ಇಂಥ ಸೀಮೆಯಲ್ಲಿ ಎದುರಾಗುವುದು ಹುಲಿಯಲ್ಲ. ತೋಳ, ನರಿ, ಚಿಗರಿ, ಕಾಡುಹಂದಿ. ರಾತ್ರಿಯ ಕಪ್ಪುಬಿಳುಪು ಚಿತ್ರದಲ್ಲಿ ತೋಳಕ್ಕೂ ಬೀದಿನಾಯಿಗೂ ವ್ಯತ್ಯಾಸ ಸುಲಭಕ್ಕೆ ಕಾಣುವುದಿಲ್ಲ. ವನ್ಯಪ್ರಾಣಿಯಿಂದ ಕುರಿ ಸತ್ತರೆ ಅರಣ್ಯ ಇಲಾಖೆಯಿಂದ ದಯಾತ್ಮಕ ಧನ ದೊರೆಯುತ್ತದೆ, ಬೀದಿನಾಯಿ ವನ್ಯಪ್ರಾಣಿಯಲ್ಲ. ಅಲ್ಲಿ ಚಿತ್ರವೊಂದು ಸಾಕ್ಷ್ಯವಾಗಿ ಬಂದರೆ, ತಪ್ಪು ಹೆಸರು ಬಡ ಕುರಿಗಾರನ ಮೇಲೆ ಬೀಳುವ ನಷ್ಟ. ಆಫ್ರಿಕಾದ ಚಿತ್ರಗಳಲ್ಲಿ ಕಲಿತ ತಂತ್ರಾಂಶದ ಮಾತನ್ನು ಈ ಸೀಮೆಯ ಚಿತ್ರಗಳ ಮೇಲೆ ಪರೀಕ್ಷಿಸದೆ ನಂಬಲಾಗದು.

ಅನುಸರಿಸಬೇಕಾದ ಕ್ರಮಗಳು

ವಿಂಗಡಣೆಯ ಯಂತ್ರವಾಗಲಿ ತಂತ್ರಾಂಶವಾಗಲಿ, ಕೊಳ್ಳುವ ಮುನ್ನ ಉದ್ಯಮಿಗಳು ಈ ನಾಲ್ಕು ಅಂಶಗಳನ್ನು ಪರಿಶೀಲಿಸುವುದು ಒಳಿತು.

1. ಮಾರಾಟಗಾರರ ಮಾದರಿಯ ಮೇಲಲ್ಲ, ಸ್ವಂತ ಮಾಲಿನ ಮೇಲೆ ಪ್ರಯೋಗ ಮಾಡಿಸಬೇಕು.

2. ಒಟ್ಟು ನಿಖರತೆಯೊಂದನ್ನೇ ನೋಡದೆ, ಒಳ್ಳೆಯದನ್ನು ತಳ್ಳಿದ್ದೆಷ್ಟು, ಕೆಟ್ಟದ್ದನ್ನು ಒಪ್ಪಿದ್ದೆಷ್ಟು ಎಂದು ಪ್ರತ್ಯೇಕವಾಗಿ ಕೇಳಬೇಕು.

3. ತಳ್ಳಿದ ರಾಶಿಯನ್ನು ಮಾದರಿ ತಪಾಸಣೆಗೆ ಒಳಪಡಿಸಬೇಕು. ಲೆಕ್ಕಪರಿಶೋಧನೆಯಲ್ಲಿ ಎಲ್ಲ ವೋಚರ್‌ಗಳನ್ನು ನೋಡದೆ ಕೆಲವನ್ನು ಆರಿಸಿ ನೋಡುವಂತೆಯೇ ಇದು. ದೊಡ್ಡ ರಾಶಿಯಿಂದ ಯಾದೃಚ್ಛಿಕವಾಗಿ ಆರಿಸಿದ 300ರಲ್ಲಿ ಒಂದೂ ತಪ್ಪು ಸಿಗದಿದ್ದರೆ, ರಾಶಿಯಲ್ಲಿನ ತಪ್ಪು ಶೇ. 1ಕ್ಕಿಂತ ಕಡಿಮೆಯೆಂದು ಶೇ. 95ರ ಭರವಸೆಯಿಂದ ಹೇಳಬಹುದು.

4. ತಂತ್ರಾಂಶ ಉಚಿತವೆಂದ ಮಾತ್ರಕ್ಕೆ ಕೆಲಸ ಉಚಿತವಲ್ಲ. ಕ್ಯಾಮೆರಾ, ಬ್ಯಾಟರಿ, ಗಣಕ, ತಪಾಸಣೆಯ ಸಂಬಳ ಇವೆಲ್ಲವನ್ನೂ ವೆಚ್ಚದಲ್ಲಿ ಸೇರಿಸಬೇಕು.

ಹುಲಿ ಗಣತಿಯಲ್ಲಿ ಯಂತ್ರ ಉಳಿಸಿದ್ದು ಕಣ್ಣಿನ ದಣಿವನ್ನು; ಕಣ್ಣಿನ ಹೊಣೆಯನ್ನಲ್ಲ. ರಾಶಿ ಯಂತ್ರದ ಪಾಲಿಗಿರಲಿ. ಅಂತಿಮ ಲೆಕ್ಕದ ಕೆಳಗಿನ ಸಹಿ ಮನುಷ್ಯನದೇ ಆಗಿರಬೇಕು.